ಕತ್ತಲೆಯ ಮುಯ್ಯಿ

ಕಳೆದ ಕಾರ್ತಿಕದಲ್ಲಿ ಹೊಸನಗರ ಬಸ್‌ಸ್ಟ್ಯಾಂಡಿನ ಹತ್ತಿರ, ನನ್ನ ಸ್ಟುಡಿಯೋದ ಮೆಟ್ಟಿಲ ಮುಂದೆಯೇ, ಗೂಡ್ಸ್ ಆಟೋದಿಂದ ಒಂದು ಕ್ಯಾನು ಚೊಗರು ಉರುಳಿ ಬಿದ್ದು ಒಡೆಯಿತು. ಅಡಿಕೆ ಬೇಯಿಸಿದ ನೀರು ಕುದಿದು ಕುದಿದು ಗಟ್ಟಿಯಾದರೆ ಅದೇ ಚೊಗರು. ಬಟ್ಟೆಗೆ ತಾಗಿದರೆ ಕಲೆ ಹೋಗುವುದಿಲ್ಲ, ಮೂಗಿಗೆ ಹೊಕ್ಕರೆ ವಾಸನೆಯೂ ಹೋಗುವುದಿಲ್ಲ. ಎಷ್ಟು ಕೊಡ ನೀರು ಹೊಯ್ದರೂ ಅಂಗಡಿಯೊಳಗೆಲ್ಲ ಒಗರು ಒಗರು ಗಾಳಿ. "ಒಂದು ಊದುಬತ್ತಿನಾದ್ರೂ ಹಚ್ರಿ. ಪಾಸ್‌ಪೋರ್ಟ್ ಫೋಟೋಕ್ಕೆ ಕೂತೋರು ಮೂಗು ಸಿಂಡರಿಸ್ಕೊಂಡು ಕೂರ್ತಾರೆ," ಎಂದು ನನ್ನ ಹೆಂಡತಿ ಸುಮಿತ್ರಾ ಹೇಳಿದಳು. ನಾನು ಹಚ್ಚಲಿಲ್ಲ. ಆ ವಾಸನೆಯಲ್ಲಿ ನನ್ನದೊಂದು ಚಳಿಗಾಲ ಇತ್ತು.

ಅದೇ ವಾರ ಮೊಬೈಲಿಗೆ ಒಂದು ಸಂದೇಶ ಬಂತು. ಕೋಟೆಯಿರುವ ನಗರ ಎಂಬ ಊರಿನಿಂದ ಇನ್ನೂ ಆಚೆ, ಒಂದು ಕಣಿವೆಯಲ್ಲಿ ಹೊಸದಾಗಿ ಎದ್ದ ರೆಸಾರ್ಟಿನ ಮ್ಯಾನೇಜರ್ ಕಳಿಸಿದ್ದು. "ಸರ್, ನೀವು ಹಿಂದೆ ನಮ್ಮ ಏರಿಯಾದಲ್ಲಿ ತೆಗೆದ ಗ್ಯಾಲಕ್ಸಿ ಫೋಟೋ ಬೇಕಿತ್ತು. ಡೈನಿಂಗ್ ಹಾಲಿನ ಒಂದು ಗೋಡೆ ಪೂರ್ತಿ ಹಾಕ್ತೀವಿ. ಕೆಳಗೆ ನಿಮ್ಮ ಹೆಸರು ಇರುತ್ತೆ." ಅದು ಗ್ಯಾಲಕ್ಸಿ ಅಲ್ಲ, ಮಹಾವ್ಯಾಧ. ಚಳಿಗಾಲದ ಸಂಜೆ ಪೂರ್ವದಲ್ಲಿ ಏಳುವ, ನಡುವಿಗೆ ಸಾಲಾಗಿ ಮೂರು ನಕ್ಷತ್ರ ಕಟ್ಟಿಕೊಂಡ ಬೇಟೆಗಾರ. ಆದರೆ ಆ ತಪ್ಪಿಗೆ ನನಗೆ ಸಿಟ್ಟು ಬರಲಿಲ್ಲ. ಮದುವೆ, ಮುಂಜಿ, ಆಧಾರ್ ಕಾರ್ಡು ಎಂದು ಜೀವನವಿಡೀ ಬೇರೆಯವರ ಮುಖ ತೆಗೆದವನಿಗೆ ತನ್ನ ಇಷ್ಟದ ಒಂದು ಚಿತ್ರ ಗೋಡೆ ತುಂಬುತ್ತದೆ ಎಂದರೆ ಹಿಗ್ಗಾಗದೆ ಇರುತ್ತದೆಯೆ? ಹಿಗ್ಗಿದೆ. ಸಿಟ್ಟು ಆಮೇಲಿನದು.

ಗೋಡೆಯಷ್ಟು ದೊಡ್ಡದು ಮಾಡಬೇಕಾದರೆ ಹಳೆಯ ಪ್ರಿಂಟು ಸಾಲದು. ಮೂಲ ಫೈಲುಗಳನ್ನೇ ತೆಗೆದು ಹೊಸದಾಗಿ ಕೆಲಸ ಮಾಡಬೇಕು. ಬೀರುವಿನ ಮೇಲಿನ ಖಾನೆಯಲ್ಲಿ, ಮದುವೆ ಆಲ್ಬಮ್ಮುಗಳ ಹಿಂದೆ, ಹಾರ್ಡ್ ಡಿಸ್ಕು ಬಟ್ಟೆ ಸುತ್ತಿಕೊಂಡು ಕೂತಿತ್ತು. ತಂತಿ ಸಿಕ್ಕಿಸಿದಾಗ ಗೊರಗೊರ ಎಂದು ಸ್ವಲ್ಪ ಹೊತ್ತು ಯೋಚಿಸಿ, ಕೊನೆಗೆ ತೆರೆದುಕೊಂಡಿತು. ಆಕಾಶದ ಒಂದೇ ತುಂಡು, ನೂರಾರು ಸಲ. ಬೇರೆ ಯಾರಾದರೂ ನೋಡಿದರೆ ಕೆಟ್ಟ ಫೋಟೋಗಳು ಎನ್ನಬೇಕು, ಹಾಗೆ ಬೂದು ಬೂದು. ಹೊರಗೆ ಚೊಗರಿನ ವಾಸನೆ, ಒಳಗೆ ಆ ಬೂದು ಚಿತ್ರಗಳು. ಎರಡೂ ಸೇರಿ ನನ್ನನ್ನು ಎತ್ತಿಕೊಂಡು ಹೋಗಿ ಭಾಗೀರಥಕ್ಕನ ಅಂಗಳದಲ್ಲಿ ಇಳಿಸಿದವು.

ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆ ಅಲ್ಲಿ ಇನ್ನೊಂದು ಬೋರ್ಡು ಏಳುತ್ತದೆ. ಕಣಿವೆಯ ಎರಡೂ ಬದಿಗೆ ಹಂಚಿಹೋದ ಐದಾರು ಮನೆ, ನಡುವೆ ತೋಟ, ಪೂರ್ವಕ್ಕೊಂದು ಬೋಳು ಗುಡ್ಡ, ಅಷ್ಟೆ. ಭಾಗೀರಥಕ್ಕನ ಮಗಳ ಮದುವೆಗೆ ಫೋಟೋ ತೆಗೆಯಲು ಹೋದಾಗ ನಾನು ಆ ಊರನ್ನು ಮೊದಲು ನೋಡಿದ್ದು. ಮದುವೆಯ ಹಿಂದಿನ ದಿನ ಸಂಜೆ ಕರೆಂಟು ಹೋಯಿತು. ಕೈ ತೊಳೆಯಲು ಅಂಗಳಕ್ಕೆ ಬಂದವನು ತಲೆಯೆತ್ತಿದೆ, ತಂಬಿಗೆ ಕೈಯಲ್ಲೇ ಉಳಿಯಿತು. ನಾನು ತೀರ್ಥಹಳ್ಳಿ ಪೇಟೆಯಲ್ಲಿ ಬೆಳೆದವನು. ನಕ್ಷತ್ರ ಎಂದರೆ ಅಲ್ಲೊಂದು ಇಲ್ಲೊಂದು ಎಂದುಕೊಂಡಿದ್ದವನು. ಅಲ್ಲಿ ನೋಡಿದರೆ ಕಪ್ಪು ಜಾಗವೇ ಕಡಿಮೆ ಇತ್ತು.

ಅಲ್ಲಿಂದ ಹುಚ್ಚು ಹಿಡಿಯಿತು. ನಕ್ಷತ್ರದ ಚಿತ್ರ ತೆಗೆಯುವುದಕ್ಕೆ ಕ್ಯಾಮೆರಾ ತುಂಬ ಹೊತ್ತು ಕಣ್ಣು ತೆರೆದಿರಬೇಕು. ಅಷ್ಟರಲ್ಲಿ ಭೂಮಿ ತಿರುಗಿ ನಕ್ಷತ್ರಗಳು ಗೆರೆಯಾಗಿಬಿಡುತ್ತವೆ. ಭೂಮಿ ತಿರುಗಿದಷ್ಟೇ ಕ್ಯಾಮೆರಾವನ್ನೂ ಹಿಂದಕ್ಕೆ ತಿರುಗಿಸುವ ಯಂತ್ರ ಬೇಕು. ಕೊಳ್ಳುವ ಶಕ್ತಿ ನನಗಿರಲಿಲ್ಲ. ಎರಡು ಹಲಗೆ, ನಡುವೆ ಬಾಗಿಲಿನ ಕೀಲು, ಹಲಗೆಗಳನ್ನು ಮೆಲ್ಲಗೆ ಅಗಲಿಸುವ ಒಂದು ತಿರುಪು, ಇಷ್ಟು ಸಾಕು ಎಂದು ಎಲ್ಲೋ ಓದಿ ಸಾಗರದ ಬಡಗಿಯೊಬ್ಬರ ಹತ್ತಿರ ಮಾಡಿಸಿದೆ. ಅವರು ಅದನ್ನು ಮಡಿಚಿ ಬಿಚ್ಚಿ ನೋಡಿ, "ವ್ಯಾಸಪೀಠ ಅಲ್ವಾ ಇದು? ಪಾರಾಯಣಕ್ಕೆ ಇಷ್ಟು ದೊಡ್ಡ ತಿರುಪು ಎಂತಕ್ಕೆ?" ಎಂದು ಕೇಳಿದರು. ಪಾರಾಯಣಕ್ಕೇ ಎಂದು ಹೇಳಿ ತಂದೆ. ಗಡಿಯಾರದ ಸೆಕೆಂಡ್ ಮುಳ್ಳು ನೋಡುತ್ತಾ ಕೈಯಲ್ಲೇ ತಿರುಪು ತಿರುಗಿಸಬೇಕು. ನಡುವೆ ಆಕಳಿಸಿದರೆ ಚಿತ್ರ ಹಾಳು.

ಯಂತ್ರವಾಯಿತು, ಕ್ಯಾಮೆರಾ ಇತ್ತು, ಬೇಕಾದದ್ದು ಕತ್ತಲೆ. ಅಡಿಕೆ ಕೊಯ್ಲಿನ ಕಾಲವದು. ಮನೆಮನೆಯಲ್ಲೂ ಸಂಜೆ ಅಂಗಳಕ್ಕೆ ದೊಡ್ಡ ಬಲ್ಬು ಎಳೆದು, ಅಡಿಕೆ ಸುಲಿಯಲು ಕೂರುತ್ತಿದ್ದರು. ಐದಾರು ಬಲ್ಬು ಸಾಕು, ಆಕಾಶದ ಕೆಳಗಿನ ಅರ್ಧ ತೊಳೆದುಹೋಗುತ್ತದೆ. ನನ್ನ ಪರಿಚಯದ ಲೈನ್‌ಮನ್ ಒಬ್ಬರು, "ನೀವು ದಿವಸ ಹೇಳಿ. ಆ ಕಡೆ ಲೈನಿಗೆ ರಿಪೇರಿ ಅಂತ ಎರಡು ಗಂಟೆ ತೆಗ್ದು ಬಿಡ್ತೀನಿ," ಎಂದರು. ಸುಲಭದ ದಾರಿ. ಭಾಗೀರಥಕ್ಕನಿಗೆ ಹೇಳಿದಾಗ ಅವರ ಮುಖವೇ ಬದಲಾಯಿತು.

ಭಾಗೀರಥಕ್ಕನಿಗೆ ಆಗ ಐವತ್ತರ ಆಸುಪಾಸು. ಆ ಮನೆಯ ಯಜಮಾನಿಕೆ ಅವರದೇ. ನನ್ನ ಹತ್ತಿರ ಪೇಟೆಯ ಕನ್ನಡ, ಒಳಗಿನವರ ಹತ್ತಿರ ಮನೆಮಾತು.

"ಕದ್ದ ಕತ್ತಲೆ ನಮ್ಮೂರಿಗೆ ಬೇಡ. ಬೇಕಿದ್ರೆ ಮನೆಮನೆಗೆ ಹೋಗಿ ಕೇಳಿ ತಗೊಳ್ಳಿ. ಕೇಳಿದ್ರೆ ಕೊಡದೇ ಇರೋರು ಇಲ್ಲಿ ಯಾರೂ ಇಲ್ಲ," ಎಂದರು.

"ಯಾವತ್ತು ಅಂತ ಹೇಳ್ಲಿ ಅಕ್ಕಾ?"

ಅವರು ಹೇಳುವ ಮೊದಲೇ ನಾನೇ ಮೊಬೈಲು ತೆಗೆದು ಚಂದ್ರನಿಲ್ಲದ ದಿನ ಹುಡುಕಿ ಹೇಳಿದೆ. ಅವರು ಒಂದು ನಿಮಿಷ ನನ್ನ ಮುಖವನ್ನೇ ನೋಡಿದರು. ಆಮೇಲೆ ಒಳಗೆ ತಿರುಗಿ, "ಎಂತ ಹೇಳ್ತಾ ಇದ್ದ ಕೇಳಿ ಇವ್ರು," ಎಂದು ನಗಲು ಶುರು ಮಾಡಿದರು. ನಾನು ಹೇಳಿದ ದಿನ ದೀಪಾವಳಿ ಅಮಾವಾಸ್ಯೆ. ಪಂಚಾಂಗ ಬಿಟ್ಟು ಮೊಬೈಲು ನೋಡುವವನ ಪಾಡು ಇದು. "ದೀಪಾವಳಿ ಅಮಾಸೆಗೆ ದೀಪ ಆರ್ಸಿ ಅಂತ ಕೇಳ್ಕೊಂಡು ಬಂದೋರು ಭೂಮಿ ಮೇಲೆ ನೀವೊಬ್ರೇ ಇರ್ಬೇಕು," ಎಂದು ಅವರು ಹೇಳಿದ್ದು ವಾರದೊಳಗೆ ಇಡೀ ಕಣಿವೆಗೆ ಗೊತ್ತಾಗಿತ್ತು. ಒಂದು ರೀತಿ ಒಳ್ಳೆಯದೇ ಆಯಿತು. ನಾನು ಯಾವ ಮನೆಯ ಮೆಟ್ಟಿಲು ಹತ್ತಿದರೂ, "ಓ, ದೀಪ ಆರ್ಸೋರು ಬಂದ್ರಾ," ಎಂದು ನಗುತ್ತಲೇ ಮಣೆ ಹಾಕುತ್ತಿದ್ದರು. ಮುಂದಿನ ಅಮಾವಾಸ್ಯೆಗೆ ಎಲ್ಲರೂ ಒಪ್ಪಿದರು.

ಒಪ್ಪಿದ್ದು ಹೇಗೆಂದರೆ ಮುಯ್ಯಿಯ ಲೆಕ್ಕದಲ್ಲಿ. ನಮ್ಮ ಕಡೆ ಕೊಯ್ಲು, ಸುಲಿ, ಗದ್ದೆ ನೆಟ್ಟಿ ಯಾವುದಕ್ಕೂ ಹೀಗೇ. ಇವತ್ತು ನಿಮ್ಮ ಮನೆ ಕೆಲಸಕ್ಕೆ ನಾವು ಬರುತ್ತೇವೆ, ನಾಳೆ ನಮ್ಮ ಮನೆಗೆ ನೀವು ಬನ್ನಿ. ಕೆಲಸಕ್ಕೆ ಕೆಲಸವೇ ತಿರುಗಿ ಬರಬೇಕು, ಬೇರೆ ಏನು ಕೊಟ್ಟರೂ ಮುಯ್ಯಿ ತೀರುವುದಿಲ್ಲ. ನಾನು, "ಪ್ರತಿ ಮನೆಗೂ ಫ್ಯಾಮಿಲಿ ಫೋಟೋ ತೆಗ್ದು ಫ್ರೇಮ್ ಹಾಕ್ಸಿ ಕೊಡ್ತೀನಿ," ಎಂದೆ. ಭಾಗೀರಥಕ್ಕ ತಲೆಯಾಡಿಸಿದರು.

"ಅದು ವ್ಯಾಪಾರ ಆಯ್ತು. ಮುಯ್ಯಿ ಅಂದ್ರೆ ತಗೊಂಡಿದ್ದನ್ನೇ ಕೊಡೋದು. ನಾವು ಕತ್ತಲೆ ಕೊಡ್ತೀವಿ, ನೀವೂ ಕತ್ತಲೆನೇ ಕೊಡ್ಬೇಕು. ನಿಮ್ಮ ಹತ್ರ ಎಲ್ಲಿದೆ?"

ಜಗಲಿಯಲ್ಲಿ ಕೂತವರೆಲ್ಲ ನಕ್ಕರು. ನಾನೂ ನಕ್ಕೆ.

"ಇರ್ಲಿ, ಬಾಕಿ ಇರ್ಲಿ. ಬೇಕಾದಾಗ ಕೇಳ್ತೀವಿ," ಎಂದು ಅವರು ಮಾತು ಮುಗಿಸಿದರು.

ಆ ಅಮಾವಾಸ್ಯೆ ಬಂತು. ಮನೆಮನೆಯಲ್ಲೂ ಸುಲಿಯುವ ಕೆಲಸ ಹಗಲಿನಲ್ಲೇ ಮುಗಿಸಿಕೊಂಡರು. ಮುಸ್ಸಂಜೆ ದೇವರಿಗೆ, ತುಳಸಿಗೆ ದೀಪ ಹಚ್ಚಿದರು, ಅದು ಇರಲಿ ಎಂದು ಹೇಳುವಷ್ಟು ಬುದ್ಧಿ ಅಷ್ಟರಲ್ಲಿ ನನಗೂ ಬಂದಿತ್ತು. ಊಟ ಬೇಗ ಆಯಿತು. ಎಂಟು ಗಂಟೆಯ ಹೊತ್ತಿಗೆ ಕಣಿವೆಯ ಆ ಬದಿಯ ಮನೆಯ ಬಲ್ಬು ಆರಿತು, ಆಮೇಲೆ ಹೊಳೆಯ ಹತ್ತಿರದ್ದು, ಆಮೇಲೆ ಎರಡು ಒಟ್ಟಿಗೆ. ಧಾರಾವಾಹಿ ಬಿಡಲಾಗದ ಒಂದು ಮನೆಯವರು ಕಿಟಕಿಗಳಿಗೆಲ್ಲ ಕಂಬಳಿ ಕಟ್ಟಿ ಒಳಗೆ ಟಿವಿ ನೋಡಿದರಂತೆ. ಕೊನೆಗೆ ಭಾಗೀರಥಕ್ಕ ತಮ್ಮ ಅಂಗಳದ್ದು ಆರಿಸಿದರು. ಆಗ ಪೂರ್ವದ ಗುಡ್ಡದ ಮೇಲೆ ಮಹಾವ್ಯಾಧ ಅಡ್ಡ ಮಲಗಿಕೊಂಡೇ ಮೇಲೆ ಬರುತ್ತಿದ್ದ. ಜನ ತಮಗೆ ಯಾವ ಉಪಯೋಗವೂ ಇಲ್ಲದ ಕೆಲಸಕ್ಕೆ, ಪೇಟೆಯ ಒಬ್ಬ ಫೋಟೋದವನಿಗಾಗಿ, ತಮ್ಮ ಬೆಳಕನ್ನು ಬಿಟ್ಟುಕೊಟ್ಟಿದ್ದರು.

ಒಂದು ಬೆಳಕು ಮಾತ್ರ ಆರಲಿಲ್ಲ. ಅಂಗಳದ ಪೂರ್ವದ ತುದಿಯಲ್ಲಿ ಅಡಿಕೆ ಬೇಯಿಸುವ ಒಲೆ. ದೊಡ್ಡ ಹಂಡೆಯಲ್ಲಿ ಆ ದಿನದ ಅಡಿಕೆ ಕುದಿಯುತ್ತಿತ್ತು, ಕೆಳಗೆ ಕೊರಡು ಉರಿಯುತ್ತಿತ್ತು. ಹೊಗೆ ಮೇಲೆದ್ದು ಉರಿಯ ಬೆಳಕಿಗೆ ಕೆಂಪಾಗಿ, ನನ್ನ ಚೌಕಟ್ಟಿನ ಕೆಳಮೂಲೆಗೇ ಹೋಗುತ್ತಿತ್ತು.

"ಅಕ್ಕಾ, ಒಲೆ ಸ್ವಲ್ಪ..." ಎಂದೆ.

"ಒಲೆ ಆರ್ಸೋ ಮಾತಿಲ್ಲ. ಅರ್ಧ ಬೆಂದ ಅಡಿಕೆ ಯಾರಿಗೂ ಬೇಡ. ನಿಮ್ಮ ನಕ್ಷತ್ರಕ್ಕೆ ಹೇಳಿ, ಆ ಬದಿಗೆ ಸ್ವಲ್ಪ ಸರ್ಕೊಳ್ಳಿ ಅಂತ."

ಅವರೇ ಎದ್ದು ನೀರಲ್ಲಿ ಅದ್ದಿದ ಗೋಣಿಚೀಲಗಳನ್ನು ಒಲೆಯ ಸುತ್ತ ಕಟ್ಟಿಸಿದರು. ಸ್ವಲ್ಪ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಚೊಗರಿನ ವಾಸನೆಯಲ್ಲಿ ಕೂತು ನಾನು ತಿರುಪು ತಿರುಗಿಸಿದೆ. ಆ ಚಳಿಗಾಲದ ಎಲ್ಲ ಅಮಾವಾಸ್ಯೆಗೂ, ಅದರ ಹಿಂದೆ ಮುಂದಿನ ದಿನಗಳಿಗೂ ಹೀಗೇ ನಡೆಯಿತು. ಮೋಡ ಬಂದು ಕೈಕೊಟ್ಟ ದಿನವೂ ದೀಪಗಳು ಆರಿದ್ದವು. ಹಗಲು ನಾನು ಬೆಂದ ಅಡಿಕೆಯನ್ನು ಅಟ್ಟದ ಮೇಲೆ ಹರವಲು ಕೈ ಜೋಡಿಸುತ್ತಿದ್ದೆ. ಸುಲಿಯುವ ಕತ್ತಿಯ ಹತ್ತಿರ ನನ್ನನ್ನು ಬಿಡಲಿಲ್ಲ, ಬೆರಳು ಮುಖ್ಯ ಎಂದರು.

ಶಿವರಾತ್ರಿ ಕಳೆದ ಮೇಲೆ ಚಿತ್ರ ಸಿದ್ಧವಾಯಿತು. ಆಗಿನ ನನ್ನ ಕಂಪ್ಯೂಟರಿಗೆ, ಆಗಿನ ಸಾಫ್ಟ್‌ವೇರಿಗೆ ಇದ್ದ ಶಕ್ತಿ ಅಷ್ಟೆ. ಒಲೆಯ ಕೆಂಪಿದ್ದ ಮೂಲೆಯನ್ನು ಕತ್ತರಿಸಿದೆ, ಹಿನ್ನೆಲೆಯನ್ನು ಕಾಡಿಗೆಯಂತೆ ಕಪ್ಪು ಮಾಡಿದೆ, ನಕ್ಷತ್ರಗಳು ಎದ್ದು ಕಂಡವು. ಪ್ರತಿ ಮನೆಗೂ ಒಂದೊಂದು ಪ್ರಿಂಟು ಕೊಟ್ಟೆ. ಭಾಗೀರಥಕ್ಕ ಅದನ್ನು ಗೋಡೆಗೆ ಹಾಕಿಸಿ, "ಚಂದ ಇದೆ. ಮುಯ್ಯಿಗೆ ಇದು ಜಮಾ ಇಲ್ಲ, ಗೊತ್ತಲ್ಲ," ಎಂದರು. ನಾನು ಆ ಮಾತನ್ನು ತಮಾಷೆ ಎಂದು ಪೇಟೆಗೆ ಹೊತ್ತು ತಂದೆ. ಆಮೇಲೆ ಮಕ್ಕಳ ಓದು, ಡಿಜಿಟಲ್ ಆಲ್ಬಮ್ಮು, ಡ್ರೋನು ಎಂದು ವರ್ಷಗಳು ಹೋದವು.

ಈಗ ಕಳೆದ ಕಾರ್ತಿಕಕ್ಕೆ ಬರುತ್ತೇನೆ. ಹಳೆಯ ಫೈಲುಗಳನ್ನು ಈಗಿನ ಸಾಫ್ಟ್‌ವೇರಿಗೆ ಹಾಕಿದೆ. ನೂರಾರು ಚಿತ್ರಗಳನ್ನು ಒಂದರ ಮೇಲೊಂದು ಪೇರಿಸಿದಾಗ ಪ್ರತಿ ಚಿತ್ರದ ಕಾಳುಕಾಳು ಗಲೀಜು ಒಂದನ್ನೊಂದು ತಿಂದುಕೊಂಡು, ಎಲ್ಲದರಲ್ಲೂ ಇರುವ ನಿಜವಾದ ಬೆಳಕು ಮಾತ್ರ ಉಳಿಯುತ್ತದೆ. ಆಗ ಒಂದು ರಾತ್ರಿ ಪೂರ್ತಿ ಹಿಡಿಯುತ್ತಿದ್ದ ಕೆಲಸ ಈಗ ಒಂದು ಕಾಫಿ ಕುಡಿಯುವಷ್ಟರಲ್ಲಿ ಮುಗಿಯಿತು. ಪರದೆಯ ಮೇಲೆ ಮೆಲ್ಲಗೆ ಬೆಳಕು ಹೆಚ್ಚಿಸುತ್ತಾ ಹೋದೆ. ಹೋಗಿ ಹೋಗಿ ಒಂದು ಹಂತದಲ್ಲಿ ಕೈ ನಿಂತಿತು. ಮಹಾವ್ಯಾಧನನ್ನು ಎಡಗಡೆಯಿಂದ ಬಳಸಿಕೊಂಡು ಒಂದು ಕೆಂಪು ಕಮಾನು ಕಂಡಿತು. ತೀರಾ ತೆಳು, ಬೆಂಕಿಕಡ್ಡಿ ಆರಿದ ಮೇಲಿನ ಕೆಂಪಿನಷ್ಟು. ಜಲಜನಕದ ಅನಿಲ ಅದು. ದೊಡ್ಡ ದೊಡ್ಡ ದೂರದರ್ಶಕದವರ ಚಿತ್ರಗಳಲ್ಲಿ ನೋಡಿದ್ದೆ. ಸಾಗರದ ಬಡಗಿ ಮಾಡಿಕೊಟ್ಟ ವ್ಯಾಸಪೀಠದ ಮೇಲೆ, ನನ್ನ ಮದುವೆ ಕ್ಯಾಮೆರಾದಲ್ಲಿ, ಅದು ಬಂದು ಕೂತು ಇಷ್ಟು ವರ್ಷ ಬೀರುವಿನಲ್ಲಿ ಕಾದಿತ್ತು. ಸುಮಿತ್ರಾಳನ್ನು ಕೂಗಿ ಕರೆದೆ. ಅವಳು ಕನ್ನಡಕ ಹಾಕಿಕೊಂಡು ನೋಡಿ, "ಹೌದಲ್ರೀ, ಬಳೆ ಚೂರಿನ ಹಾಗೆ ಇದೆ," ಎಂದಳು.

ಚೌಕಟ್ಟಿನ ಮೂಲೆಯಲ್ಲಿ ಇನ್ನೊಂದು ಕೆಂಪೂ ಇತ್ತು. ಅದು ಒಲೆಯದು. ಈಗಿನ ಸಾಫ್ಟ್‌ವೇರಿನಲ್ಲಿ ಹಿನ್ನೆಲೆಯ ಬೇಡದ ಬೆಳಕನ್ನು ತಾನೇ ಹುಡುಕಿ ಅಳಿಸುವ ವ್ಯವಸ್ಥೆ ಇದೆ. ಒತ್ತಿದೆ. ಒಲೆಯ ಕೆಂಪು ಹೋಯಿತು, ಅದರ ಜೊತೆಗೇ ಆಕಾಶದ ಕಮಾನೂ ಹೋಯಿತು. ಆ ಯಂತ್ರಕ್ಕೆ ಎರಡೂ ಒಂದೇ, ಹರಡಿಕೊಂಡ ಕೆಂಪು, ಅಳಿಸು. ಹಿಂದಕ್ಕೆ ತಂದೆ. ಯಾವುದು ಆಕಾಶ, ಯಾವುದು ಹೊಗೆ ಎಂದು ನಾನೇ ಒಂದೊಂದು ಚುಕ್ಕೆ ಇಟ್ಟು ತೋರಿಸುತ್ತಾ ನಾಲ್ಕು ಸಂಜೆ ಕೂತೆ. ಕೊನೆಗೆ ಎರಡನ್ನೂ ಬೇರೆ ಮಾಡುವುದು ಕೈಗೆ ಬಂತು. ಬಂದ ಮೇಲೆ ಒಲೆಯನ್ನು ತೆಗೆಯಲು ಮನಸ್ಸಾಗಲಿಲ್ಲ. ಆ ಮೂಲೆಯನ್ನು ಕತ್ತರಿಸದೆ, ಕೆಂಪನ್ನು ಹಾಗೇ ಉಳಿಸಿ, ಲ್ಯಾಪ್‌ಟಾಪಿಗೆ ಹಾಕಿಕೊಂಡು ಕಣಿವೆಗೆ ಹೊರಟೆ. ಗೋಡೆಯ ಅಳತೆ ತೆಗೆದುಕೊಳ್ಳುವುದೂ ಇತ್ತು. ಭಾಗೀರಥಕ್ಕನಿಗೆ ಮೊದಲು ತೋರಿಸಬೇಕು ಎಂಬ ಆಸೆ.

ಬಸ್ಸು ಇಳಿದು ಕಣಿವೆಯ ತಿರುವಿಗೆ ಬರುವಾಗ ಮಬ್ಬುಗತ್ತಲಾಗಿತ್ತು. ಆಗಬೇಕಿತ್ತು ಎನ್ನಬೇಕು. ಪೂರ್ವದ ಬೋಳು ಗುಡ್ಡ ಈಗ ಬೋಳಾಗಿರಲಿಲ್ಲ. ನೆತ್ತಿಯಿಂದ ಬುಡದವರೆಗೆ ಕಾಟೇಜುಗಳು, ಅವುಗಳ ನಡುವೆ ಕಂಬಗಳು, ಕಂಬಕ್ಕೆ ನಾಲ್ಕು ನಾಲ್ಕು ಬಿಳಿ ದೀಪ. ಮರಗಳ ಬುಡದಿಂದ ಮೇಲಕ್ಕೆ ಹಸಿರು ದೀಪ, ನೀಲಿ ದೀಪ, ಮರಕ್ಕೆ ಜ್ವರ ಬಂದ ಹಾಗೆ. ಇದೆಲ್ಲದರ ತಲೆಯ ಮೇಲೆ ಒಂದು ಬೋರ್ಡು: ನಕ್ಷತ್ರಗಳ ಕೆಳಗೆ ಒಂದು ರಾತ್ರಿ. ಆ ಬೋರ್ಡಿಗೂ ದೀಪ. ನಾನು ರಸ್ತೆಯಲ್ಲೇ ನಿಂತು ತಲೆಯೆತ್ತಿ ನೋಡಿದೆ. ಹಾಲು ಚೆಲ್ಲಿದ ಹಾಗೆ ಬೆಳ್ಳಗೆ ಮಸುಕು. ಗುರು ಗ್ರಹ ಒಂದಿತ್ತು, ಅದೂ ದಾರಿ ತಪ್ಪಿ ಬಂದವರಂತೆ. ಸಿಟ್ಟು ಬಂದದ್ದು ಆಗ.

ಭಾಗೀರಥಕ್ಕನ ಅಂಗಳಕ್ಕೆ ಬಲ್ಬು ಹಾಕಿರಲಿಲ್ಲ. ಹಾಕಬೇಕಾಗಿಯೇ ಇರಲಿಲ್ಲ. ಗುಡ್ಡದ ಬೆಳಕಿನಲ್ಲೇ ಅವರು, ಸೊಸೆ ವಿದ್ಯಾ, ಇನ್ನಿಬ್ಬರು ಕೂತು ಅಡಿಕೆ ಸುಲಿಯುತ್ತಿದ್ದರು. ಅದೇ ಜಾಗದಲ್ಲಿ ಒಲೆ ಇತ್ತು, ಹಂಡೆ ಕುದಿಯುತ್ತಿತ್ತು, ಚೊಗರಿನ ವಾಸನೆ ಅದೇ. ಆದರೆ ಉರಿಯ ಬೆಳಕು ಕಾಣುತ್ತಲೇ ಇರಲಿಲ್ಲ.

"ಬಂದ್ರಾ, ದೀಪ ಆರ್ಸೋರು," ಎಂದರು ಭಾಗೀರಥಕ್ಕ. ಕೂದಲು ಪೂರ್ತಿ ನೆರೆತಿತ್ತು, ನಾಲಿಗೆ ನೆರೆತಿರಲಿಲ್ಲ. "ಸ್ವಲ್ಪ ತಡ ಆಯ್ತು."

ಒಳಗೆ ಕರೆದು ತಾವು ಮಲಗುವ ಕೋಣೆ ತೋರಿಸಿದರು. ಪೂರ್ವಕ್ಕೆ ಅಗಲವಾದ ಕಿಟಕಿ. ದಿಂಬಿನ ಮೇಲೆ ಸರಳುಗಳ ನೆರಳು ಗೆರೆಗೆರೆಯಾಗಿ ಬಿದ್ದಿತ್ತು. ಅಲ್ಲಿ ಪೇಪರ್ ಓದಬಹುದಿತ್ತು.

"ಬೆಳಗಿನ ಜಾವದವರೆಗೂ ಹೀಗೇ. ಮೊದಲೆಲ್ಲ ಮಲಗಿದಲ್ಲಿಂದ ನಕ್ಷತ್ರ ನೋಡಿ ಎಷ್ಟು ಹೊತ್ತಾಯ್ತು ಅಂತ ಹೇಳ್ತಿದ್ದೆ. ಈಗ ಕಣ್ಣು ಬಿಟ್ರೆ ಯಾವಾಗ್ಲೂ ಸಂಜೆ ಆರು ಗಂಟೆ. ಮಳೆ ಶುರುವಿಗೆ ಮಿಣುಕು ಹುಳ ಬರ್ತಿದ್ವು, ಈ ವರ್ಷ ಒಂದೂ ಇಲ್ಲೆ. ಕೊಟ್ಟಿಗೇಲಿ ದನ ಸಮಾ ಮಲಗ್ತ್ವಿಲ್ಲೆ." ಸಿಟ್ಟಿಗೆ ಎರಡು ಭಾಷೆಯೂ ಬೆರೆತು ಹೋಗಿದ್ದವು.

"ಹೋಗಿ ಕೇಳಲಿಲ್ವಾ ಅಕ್ಕಾ?"

"ಕೇಳದೇ ಇರ್ತೀವಾ? ಪಂಚಾಯ್ತಿಲಿ ಕೇಳಿದ್ವಿ. ಬೆಳಕು ಬಂದ್ರೆ ಊರು ಉದ್ಧಾರ ಆಗ್ತದೆ, ನೀವು ಕತ್ತಲೆ ಬೇಕು ಅಂತೀರಲ್ಲ ಅಂತ ನಕ್ಕರು. ಆಮೇಲೆ ವಿದ್ಯಾ ಗುಡ್ಡಕ್ಕೇ ಹೋಗಿ ಆ ಮ್ಯಾನೇಜರಿಗೆ ಹೇಳಿದ್ಲು. ನಮ್ಮ ಕಡೆ ಮುಖ ಮಾಡಿದ ದೀಪಕ್ಕೆ ಒಂದು ತಗಡಾದ್ರೂ ಅಡ್ಡ ಹಾಕಿ, ಹತ್ತು ಗಂಟೆ ಮೇಲೆ ಆರ್ಸಿ ಅಂತ."

"ಏನಂದ್ರು?"

ವಿದ್ಯಾ ಬಾಗಿಲಲ್ಲಿ ನಿಂತಿದ್ದಳು. "ಕಿಟಕಿಗೆ ಕರ್ಟನ್ ಹಾಕ್ಕೊಳ್ಳಿ ಮೇಡಂ ಅಂದ್ರು," ಎಂದಳು.

ಇದೇ ಕಣಿವೆಯಲ್ಲಿ, ತಮ್ಮ ಬೆಳಕು ಹೊರಗೆ ಹೋಗದಿರಲಿ ಎಂದು ಜನ ಕಿಟಕಿಗೆ ಕಂಬಳಿ ಕಟ್ಟಿಕೊಂಡು ಕೂತಿದ್ದರು. ಒಬ್ಬ ಪರಸ್ಥಳದವನು ಕೇಳಿದ್ದಕ್ಕೆ. ಇವತ್ತು ಬೇರೆಯವರ ಬೆಳಕು ಒಳಗೆ ನುಗ್ಗುತ್ತದೆ ಎಂದು ಕೈಮುಗಿದು ಹೇಳಿದರೆ, ನೀವೇ ಬಟ್ಟೆ ಕಟ್ಟಿಕೊಳ್ಳಿ ಎನ್ನುತ್ತಾರೆ. ಲೈನ್ ತೆಗೆದು ಕತ್ತಲೆ ಕದಿಯಬೇಡಿ ಎಂದ ಊರಿನಿಂದ ಕತ್ತಲೆಯನ್ನೇ ಹೊತ್ತುಕೊಂಡು ಹೋದವರು ಒಂದು ಮಾತು ಕೇಳಲಿಲ್ಲ. ಇನ್ನು ಉರಿಯುವ ಮನೆಯಲ್ಲಿ ಗಳ ಹಿರಿಯುವವರ ಹಾಗೆ, ಆ ಕತ್ತಲೆಯಲ್ಲಿ ತೆಗೆದ ಚಿತ್ರವೂ ಅವರಿಗೇ ಬೇಕು.

ಲ್ಯಾಪ್‌ಟಾಪು ಬಗಲಲ್ಲೇ ಇತ್ತು. ತೆರೆಯದೆ ನೇರ ಗುಡ್ಡ ಹತ್ತಿದೆ.

ಮ್ಯಾನೇಜರ್ ಹುಡುಗ ಕೆಟ್ಟವನಲ್ಲ, ಅದು ಇನ್ನೂ ಸಿಟ್ಟು ಬರಿಸುವ ವಿಷಯ. ಕುರ್ಚಿ ಕೊಟ್ಟ, ಶುಂಠಿ ಟೀ ತರಿಸಿದ, ಖಾಲಿ ಗೋಡೆ ತೋರಿಸಿದ. ಚಿತ್ರ ನೋಡಿ ನಿಜವಾಗಿಯೇ ಬೆರಗಾದ.

"ಸೂಪರ್ ಸರ್. ಇದು ಇಲ್ಲಿಂದಲೇ ಕಂಡಿದ್ದಾ? ಈ ಮೂಲೇಲಿ ಒಂದು ಕೆಂಪು ಕಲೆ ಇದೆಯಲ್ಲ, ಅದೊಂದು ತೆಗೆದುಬಿಟ್ರೆ ಆಯ್ತು."

"ಅದು ಕಲೆ ಅಲ್ಲ. ಕೆಳಗಿನ ಮನೆ ಭಾಗೀರಥಕ್ಕನ ಒಲೆ. ಇಡೀ ಊರು ದೀಪ ಆರಿಸ್ಕೊಂಡು ಕೂತಾಗ ಉಳಿದದ್ದು ಅದೊಂದೇ."

"ಓ, ಹಂಗಾ. ಆದ್ರೂ ಗೆಸ್ಟ್‌ಗಳಿಗೆ ಅದು ಗೊತ್ತಾಗಲ್ಲ ಅಲ್ವಾ ಸರ್."

"ಒಂದು ಕೆಲ್ಸ ಮಾಡಿ," ಎಂದೆ. ದನಿ ಏರದ ಹಾಗೆ ನೋಡಿಕೊಂಡೆ. "ಮುಂದಿನ ಅಮಾಸೆ ಒಂದು ಸಂಜೆ ಈ ದೀಪ ಎಲ್ಲಾ ಆರ್ಸಿ. ಎರಡು ಗಂಟೆ ಸಾಕು. ನಿಮ್ಮ ಗೆಸ್ಟ್‌ಗಳನ್ನ ಹೊರಗೆ ಕೂರ್ಸಿ. ಉಳಿದ ದಿವ್ಸ ಕೆಳಗಿನ ಮನೆ ಕಡೆ ದೀಪಕ್ಕೆ ಒಂದು ಮರೆ ಹಾಕಿ. ಈ ಚಿತ್ರ ಸುಮ್ನೆ ತಗೊಳ್ಳಿ, ನನ್ನ ಹೆಸರೂ ಬೇಡ."

ಅವನಿಗೆ ನಿಜವಾಗಿಯೂ ಕಷ್ಟವಾಯಿತು. ಕಿಟಕಿಯಾಚೆ ನೋಡಿದ, ನನ್ನನ್ನು ನೋಡಿದ. "ಅದು ಓನರ್ ಒಪ್ಪಲ್ಲ ಸರ್. ಸಿಟಿಯಿಂದ ಬರೋರು, ಕತ್ತಲೆ ಮಾಡಿದ್ರೆ ಹೆದರ್ತಾರೆ, ಹಾವು ಅಂತಾರೆ. ಫೋಟೋ ತೆಗೆಯೋಕೆ ನಿಮಗೇನು ತೊಂದ್ರೆ? ಈಗ ಸಾಫ್ಟ್‌ವೇರಲ್ಲಿ ಲೈಟೆಲ್ಲ ತೆಗೀಬಹುದಂತಲ್ಲ."

"ಚಿತ್ರದಿಂದ ತೆಗೀಬಹುದು. ಆಕಾಶದಿಂದ ತೆಗೆಯೋಕೆ ನೀವೇ ಸ್ವಿಚ್ ಒತ್ತಬೇಕು."

"ಅಲ್ಲ ಸರ್, ಗೆಸ್ಟ್‌ಗಳಿಗೆ ನಕ್ಷತ್ರ ತೋರ್ಸೋಕೆ ತಾನೆ ಈ ಫೋಟೋ ಕೇಳ್ತಾ ಇರೋದು."

ಟೀ ಅರ್ಧಕ್ಕೇ ಬಿಟ್ಟು ಎದ್ದು ಬಂದೆ. ಗೋಡೆಯ ಮೇಲೆ ನನ್ನ ಆಕಾಶ, ಅದರ ಕೆಳಗೆ ಕೂತು ಊಟ ಮಾಡುವವರು, ಹೊರಗೆ ಇವರು ಒರೆಸಿ ಹಾಕಿದ ಆಕಾಶ. ಇದನ್ನೇ ಕಣ್ಣ ಮುಂದೆ ತಂದುಕೊಳ್ಳುತ್ತಾ ಗುಡ್ಡ ಇಳಿಯತೊಡಗಿದೆ. ಆ ಯಂತ್ರವನ್ನಾದರೂ ಕ್ಷಮಿಸಬಹುದು, ಅದಕ್ಕೆ ಒಲೆಯ ಕೆಂಪೂ ಆಕಾಶದ ಕೆಂಪೂ ಗೊತ್ತಾಗುವುದಿಲ್ಲ. ಮನುಷ್ಯರಿಗೆ ಕಂಬದ ದೀಪವೂ ನಕ್ಷತ್ರವೂ ಗೊತ್ತಾಗುವುದಿಲ್ಲ ಎಂದರೆ ಏನು ಹೇಳುವುದು?

ಇಳಿದು ಬಂದಾಗ ಭಾಗೀರಥಕ್ಕ ಮೆಟ್ಟಿಲ ಮೇಲೆ ಕಾಯುತ್ತಿದ್ದರು. ನನ್ನ ಮುಖ ನೋಡಿಯೇ ಗೊತ್ತಾಯಿತು ಅವರಿಗೆ.

"ಕತ್ತಲೆ ಕೊಡಲ್ಲ ಅಂದ್ರಾ?"

"ಹೌದು ಅಕ್ಕಾ."

"ಹಳೇ ಬಾಕಿ ಒಂದಿದೆ, ನೆನಪಿದೆಯಾ?" ಅವರು ನಗುತ್ತಿರಲಿಲ್ಲ. "ಬೇಕಾದಾಗ ಕೇಳ್ತೀವಿ ಅಂದಿದ್ದೆ. ಈಗ ಕೇಳ್ತಾ ಇದೀನಿ."

ಹೊಸನಗರಕ್ಕೆ ವಾಪಸು ಬಂದೆ. ಮೂರನೆಯ ದಿನ ಸ್ಟುಡಿಯೋದಲ್ಲಿ ಮದುಮಕ್ಕಳ ಹಿಂದೆ ತೂಗುಬಿಡುವ ಪರದೆಯನ್ನು ಸುಮ್ಮನೆ ನೋಡುತ್ತಾ ಕೂತಿದ್ದೆ. ದಪ್ಪ ಬಟ್ಟೆ, ಹಿಂದೆ ಕಪ್ಪು ಒಳಪದರ, ಎಷ್ಟು ಬೆಳಕು ಬಿಟ್ಟರೂ ಹಾಯುವುದಿಲ್ಲ. ಅಂಥ ಬಟ್ಟೆಯ ಮೇಲೆ ಯಾವ ಚಿತ್ರ ಬೇಕಾದರೂ ಅಚ್ಚು ಹಾಕಿಕೊಡುವವರು ಶಿವಮೊಗ್ಗದಲ್ಲಿದ್ದಾರೆ, ಕಾಶ್ಮೀರದ ಹೂತೋಟವನ್ನೂ ಅರಮನೆಯನ್ನೂ ನಾನು ಅವರಿಂದಲೇ ತರಿಸುವುದು. ಈ ಸಲ ಮಹಾವ್ಯಾಧನನ್ನು ಕಳಿಸಿದೆ. ಕಮಾನೂ ಒಲೆಯೂ ಎರಡೂ ಇರುವ ಚಿತ್ರ, ಮೂಲೆ ಕತ್ತರಿಸದ ಚಿತ್ರ. ಅಳತೆ ಡೈನಿಂಗ್ ಹಾಲಿನ ಗೋಡೆಯದಲ್ಲ, ಭಾಗೀರಥಕ್ಕನ ಕಿಟಕಿಯದು.

ಎಳ್ಳಮಾವಾಸ್ಯೆಯ ಸಂಜೆ ಸುಮಿತ್ರಾಳನ್ನೂ ಕರೆದುಕೊಂಡು ಹೋದೆ. ಕಿಟಕಿಯ ಮೇಲೆ ಕೊಂಡಿ ಹೊಡೆದು ಪರದೆ ತೂಗುಹಾಕಿದೆವು. ಕೋಣೆಯ ದೀಪದಲ್ಲಿ ಆಕಾಶ ಕೆಳಗಿಳಿದು ನಿಂತಿತು. ಭಾಗೀರಥಕ್ಕ ಹತ್ತಿರ ಬಂದು, ಮೂರು ನಕ್ಷತ್ರ ಗುರುತಿಸಿದರು, ಕೃತ್ತಿಕೆ ಎಲ್ಲಿ ಎಂದು ಕೇಳಿದರು, ಅದು ಚೌಕಟ್ಟಿನಾಚೆ ಎಂದೆ. ಕೆಂಪು ಕಮಾನಿನ ಮೇಲೆ ಬೆರಳಾಡಿಸಿದರು. ಆಮೇಲೆ ಬಗ್ಗಿ ಕೆಳಮೂಲೆಯನ್ನು ನೋಡಿ, ಸೊಸೆಯ ಕೈ ಹಿಡಿದೆಳೆದರು.

"ನೋಡು ವಿದ್ಯಾ. ಎಂಗಳ ಒಲೆ ಇದು."

ಅಷ್ಟು ಹೊತ್ತಿಗೆ ಗುಡ್ಡದ ಮೇಲಿನ ಕಂಬಗಳೆಲ್ಲ ಹೊತ್ತಿಕೊಂಡಿದ್ದವು. ಕರ್ಟನ್ ಹಾಕಿಕೊಳ್ಳಿ ಎಂದಿದ್ದರಲ್ಲ, ಹಾಕಿದ್ದೇವೆ. ವಿದ್ಯಾ ಪರದೆಯ ಅಂಚುಗಳನ್ನು ಗೋಡೆಗೆ ಒತ್ತಿ ಸಿಕ್ಕಿಸಿ, ಕೋಣೆಯ ದೀಪ ಆರಿಸಿದಳು. ಸರಳುಗಳ ನೆರಳು ದಿಂಬಿನ ಮೇಲಿಂದ ಹೋಯಿತು. ಪಕ್ಕದಲ್ಲಿ ನಿಂತ ಸುಮಿತ್ರಾಳೂ ಕಾಣದಷ್ಟು ಕತ್ತಲೆ. ಆ ಕತ್ತಲೆಯಲ್ಲಿ ಮಂಚ ಕಿರುಗುಟ್ಟಿತು, ಭಾಗೀರಥಕ್ಕ ಕೂತರೆಂದು ಕಾಣುತ್ತದೆ. ನನಗೆ ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಆಗತೊಡಗಿತ್ತು.

"ಮುಯ್ಯಿಲಿ ಇಷ್ಟು ಬಂತು," ಎಂದರು ಅವರು. "ಉಳಿದದ್ದನ್ನ ಅಂಗಳದಲ್ಲಿ ಕೊಡಿ."